ವೀಳ್ಯವಿಲ್ಲದ ಸೋಬಾನೆ

ಆ ಸಾಫ್ಟ್‌ವೇರನ್ನು ದೊಡ್ಡಮ್ಮನ ಕಂಪ್ಯೂಟರಿಗೆ ಹಾಕಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನ ಇವತ್ತಿಗೂ ಆಗಿದ್ದಕ್ಕೆಲ್ಲ ನನ್ನ ತಲೆಯ ಮೇಲೇ ಗೂಬೆ ಕೂರಿಸುತ್ತಾರೆ. ಕೂರಿಸಲಿ. ಹಾಕಿಕೊಟ್ಟಿದ್ದಕ್ಕೆ ನನಗೆ ಯಾವ ಬೇಸರವೂ ಇಲ್ಲ. ನನ್ನ ಸಿಟ್ಟೆಲ್ಲ ಬಾಚಿಕೊಂಡು ಹೋದವರ ಮೇಲೆ, ಅದು ಇನ್ನೂ ಇಳಿದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಜಾವಳಿಯ ಹತ್ತಿರ ಅವರ ಮನೆ. ಅಲ್ಲಿ ಕಾಫಿ ತೋಟ ದೊಡ್ಡಪ್ಪನದು, ಮನೆ ದೊಡ್ಡಪ್ಪನದು, ಜೀಪು ದೊಡ್ಡಪ್ಪನದು, ಫೋನ್ ಹೊಡೆದುಕೊಂಡರೆ ಅದೂ ದೊಡ್ಡಪ್ಪನಿಗೇ. ಆ ಮನೆಯ ಬಾಗಿಲಿಗೆ ಬಂದವರು ದೊಡ್ಡಮ್ಮನನ್ನು ಕೇಳಿಕೊಂಡು ಬರುತ್ತಿದ್ದದ್ದು ಒಂದೇ ಒಂದು ಕೆಲಸಕ್ಕೆ, ಸೋಬಾನೆಗೆ. ಮದುವೆ ಗೊತ್ತಾದ ಮನೆಯ ಹೆಂಗಸರು ಎಲೆ ಅಡಿಕೆಯ ತಟ್ಟೆ ಹಿಡಿದು ಬರುತ್ತಿದ್ದರು. ಜಗಲಿಯಲ್ಲಿ ಪೇಪರ್ ಓದುತ್ತ ಕೂತ ದೊಡ್ಡಪ್ಪನನ್ನು ದಾಟಿ ಅಡುಗೆಮನೆಯವರೆಗೂ ಹೋಗಿ, ದೊಡ್ಡಮ್ಮನ ಕೈಗೆ ವೀಳ್ಯ ಕೊಟ್ಟು, 'ನೀವು ಬಂದು ಹಾಡಿಕೊಡ್ಬೇಕು' ಎನ್ನುತ್ತಿದ್ದರು. ಆಗ ದೊಡ್ಡಮ್ಮನ ಮುಖ ನೋಡಬೇಕಿತ್ತು. ಬೇಡ ಎನ್ನುವಂತೆ ಸ್ವಲ್ಪ ಹೊತ್ತು ಆಟವಾಡಿಸಿ, ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ತಟ್ಟೆ ಹಿಡಿಯುತ್ತಿದ್ದರು.

ವೀಳ್ಯ ಕೊಡದ ಮನೆಯಲ್ಲಿ ಸೋಬಾನೆಯವರು ಬಾಯಿ ಬಿಡುವುದಿಲ್ಲ. ಅದು ಕಟ್ಟುನಿಟ್ಟು. ನನ್ನ ಮದುವೆಗೆ ನನ್ನ ಅಮ್ಮ ಒಡಹುಟ್ಟಿದ ಅಕ್ಕನಿಗೂ ವೀಳ್ಯ ಕೊಟ್ಟೇ ಕರೆದಿದ್ದಳು. ಇನ್ನೊಂದು ಕಟ್ಟುನಿಟ್ಟು ಹೆಸರಿನದು. ಹುಡುಗಿಯನ್ನು ಹಸೆಗೆ ಕರೆಯುವ ಹಾಡಿದೆಯಲ್ಲ, ಅದರಲ್ಲಿ ಇಂಥ ಮನೆಯ, ಇಂಥವರ ಮಗಳು, ಇಂಥವಳೇ, ಎದ್ದು ಬಾ ಎಂದು ಆ ಹುಡುಗಿಯ ಹೆಸರನ್ನೇ ಇಟ್ಟು ಹಾಡಬೇಕು. ಹಾಡಿನಲ್ಲಿ ತನ್ನ ಹೆಸರು ಬಂದ ಮೇಲೇ ಹುಡುಗಿ ಏಳುವುದು. ಪ್ರತಿ ಮದುವೆಗೂ ಹಾಡು ಹೊಸದಾಗುವುದು ಆ ಹೆಸರಿನಿಂದ.

ಆ ಹೊತ್ತಿಗೆ ನಾನು ಮೂಡಿಗೆರೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ದೊಡ್ಡಪ್ಪನೂ ಊರಿನವರೆಲ್ಲ ತಗೊಂಡರು ಅಂತ ತೋಟದ ಲೆಕ್ಕಕ್ಕೆ ಒಂದು ಕಂಪ್ಯೂಟರ್ ತಂದಿದ್ದರು. ಲೆಕ್ಕ ಬರೆಯುವ ತೋಟದ ರೈಟರ್ ಅದನ್ನು ಮುಟ್ಟಲು ಒಪ್ಪಲಿಲ್ಲ. ಹಾಗಾಗಿ ಅದು ಹಾಲಿನ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ಅದನ್ನು ಮೊದಲು ಬಿಚ್ಚಿಸಿದ್ದು ದೊಡ್ಡಮ್ಮ.

ಅವರಿಗೆ ಒಂದು ಹಾಡು ಬೇಕಾಗಿತ್ತು. ಬಳೆ ತೊಡಿಸುವಾಗ ಹೇಳುವ ಉದ್ದದ ಹಾಡು. ಅದರ ನಡುವಿನ ಭಾಗ ಅವರಿಗೆ ಮರೆತುಹೋಗಿತ್ತು, ಜೊತೆಗೆ ಹಾಡುತ್ತಿದ್ದ ಕಳಸದ ಕಡೆಯ ಗೆಳತಿ ತೀರಿಕೊಂಡಿದ್ದರು. ಮದುವೆ ಮನೆಗಳಲ್ಲಿ ಆ ಜಾಗ ಬಂದಾಗ ದೊಡ್ಡಮ್ಮ ಬೇರೆ ಹಾಡಿಗೆ ಜಾರಿಕೊಳ್ಳುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವರು ಮಾತ್ರ ಮನೆಗೆ ಬಂದು ಆ ಜಾಗವನ್ನೇ ಮತ್ತೆ ಮತ್ತೆ ಗುನುಗಿ ನೋಡುತ್ತಿದ್ದರು. ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ಫೋನ್ ಲೈನಿನ ಮೇಲೆ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ಒಂದು ಸಾಫ್ಟ್‌ವೇರ್ ಇದೆ ಎಂದು ನಾನು ಮಾತಿಗೆ ಹೇಳಿದ್ದೇ ತಡ, ಅವರು ಹಿಡಿದ ಪಟ್ಟು ಬಿಡಲಿಲ್ಲ.

ಒಂದು ಭಾನುವಾರ ಊಟ ಮುಗಿಸಿ ಕೂತೆವು. ಫೋನಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದು ಕಿರ್ರೆಂದು ಕಿರುಚಿ ಲೈನ್ ಹಿಡಿದ ಮೇಲೆ, ಸಿ.ಡಿ.ಯಲ್ಲಿ ತಂದಿದ್ದ ಸಾಫ್ಟ್‌ವೇರ್ ಹಾಕಿದೆ. ಒಳಕೋಣೆಯಿಂದ ದೊಡ್ಡಪ್ಪ, 'ಯಾರಾದ್ರೂ ಫೋನ್ ಮಾಡಿದ್ರೆ ಎಂತ ಕಥೆ? ನಾಳೆ ಪಿಕ್ಕಿಂಗಿಗೆ ಆಳು ಬರ್ತಾರಾ ಇಲ್ವಾ ಅಂತ ಮೇಸ್ತ್ರಿ ಹೇಳ್ಬೇಕಲ್ಲ!' ಎಂದು ಕೂಗಿದರು. 'ಮೇಸ್ತ್ರಿ ಮನೆ ಗೇಟಿನ ಹತ್ರಾನೇ ಇದೆ, ನಡ್ಕೊಂಡು ಬರ್ತಾನೆ' ಎಂದು ದೊಡ್ಡಮ್ಮ ಕೂತಲ್ಲಿಂದಲೇ ಬಾಯಿ ಮುಚ್ಚಿಸಿದರು.

'ಇದ್ರ ಅಂಗಡಿ ಎಲ್ಲಿದೆ?' ಎಂದು ಅವರು ಕೇಳಿದ ಮೊದಲ ಪ್ರಶ್ನೆ ನನಗೆ ನೆನಪಿದೆ. ಅಂಗಡಿ ಇಲ್ಲ, ಯಜಮಾನನೂ ಇಲ್ಲ ಎಂದೆ. ಯಾರದೋ ಮನೆಯ ಕಂಪ್ಯೂಟರಿನಲ್ಲಿ ನಿಮಗೆ ಬೇಕಾದ ಹಾಡು ಇರುತ್ತದೆ, ನಿಮ್ಮದರಲ್ಲಿ ಇನ್ಯಾರಿಗೋ ಬೇಕಾದದ್ದು ಇರುತ್ತದೆ, ನೀವು ಅವರದನ್ನು ಎಳೆದುಕೊಳ್ಳುತ್ತಿರುವಾಗಲೇ ಇನ್ನೊಬ್ಬರು ನಿಮ್ಮದನ್ನು ಎಳೆದುಕೊಳ್ಳುತ್ತಿರುತ್ತಾರೆ. ತರಬೇತಿ ಕೇಂದ್ರದಲ್ಲಿ ಇದನ್ನು ಅರ್ಥ ಮಾಡಿಸಲು ಬೋರ್ಡಿನ ತುಂಬ ಚಿತ್ರ ಬರೆದರೂ ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ದೊಡ್ಡಮ್ಮ ಒಂದೇ ಮಾತಿಗೆ ಹಿಡಿದರು.

'ಹಂಗಾರೆ ಮುಯ್ಯಾಳು ಅನ್ನು.'

ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಹೋಗುವುದಿತ್ತು. ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಕೂಲಿಯ ಮಾತಿಲ್ಲ, ಆದರೆ ಬಂದ ಆಳಿಗೆ ಆಳು ವಾಪಸ್ ಹೋಗಲೇಬೇಕು, ಹೋಗದವರ ಮನೆಗೆ ಮಾರನೆಯ ವರ್ಷ ಯಾರೂ ಬರುವುದಿಲ್ಲ. ನನಗೆ ಅವರ ಮಾತು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಕ್ಲಾಸಿನಲ್ಲೂ ಹಾಗೇ ಹೇಳಿಕೊಟ್ಟೆ. ಈಗ ಅನ್ನಿಸುತ್ತದೆ, ಆ ಮಾತಿನಲ್ಲೇ ಅವರು ಮೋಸ ಹೋದರು. ಮುಯ್ಯಾಳಿನಲ್ಲಿ ಎದುರಿನವರ ಮುಖ ಗೊತ್ತಿರುತ್ತದೆ. ಇದರಲ್ಲಿ ಯಾರ ಮುಖವೂ ಇಲ್ಲ, ಯಾರಿಗೆ ಯಾರ ಹಂಗೂ ಇಲ್ಲ.

ಮುಯ್ಯಾಳು ಎಂದ ಮೇಲೆ ಬರಿಗೈಯಲ್ಲಿ ಕೇಳಲು ಅವರು ಒಪ್ಪಲಿಲ್ಲ. 'ನಮ್ದು ಎಂತ ಇದೆ ಕೊಡಕ್ಕೆ? ಮೊದ್ಲು ಕೊಡಣ, ಆಮೇಲೆ ಕೇಳಣ' ಎಂದರು. ಎಷ್ಟು ಹೇಳಿದರೂ ಹುಡುಕುವ ಜಾಗದಲ್ಲಿ ಒಂದಕ್ಷರ ಒತ್ತಲಿಲ್ಲ. ಕೊನೆಗೆ ಟ್ರಂಕಿನಿಂದ ಕ್ಯಾಸೆಟ್ ತೆಗೆದರು. ನನ್ನ ಮದುವೆಯಲ್ಲಿ ನನ್ನ ಅಣ್ಣ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಆ ಬಳೆ ಹಾಡೊಂದನ್ನು ಬಿಟ್ಟು ಅರಿಶಿನದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗಿನ ಹಾಡೆಲ್ಲ ಅದರಲ್ಲಿತ್ತು, ಹಿಂದೆ ಪಾತ್ರೆಯ ಸದ್ದು, ಮಕ್ಕಳ ಅಳು, ನಮ್ಮ ಸೋದರಮಾವ ಯಾರಿಗೋ ಬೈಯುವುದು ಸಮೇತ. ಮುಂದಿನ ಭಾನುವಾರ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು ಒಂದೊಂದೇ ಹಾಡನ್ನು ಇಳಿಸಿದೆ, ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿ ಇಟ್ಟೆ, ಮಲೆನಾಡು ಸೋಬಾನೆ, ಮೂಡಿಗೆರೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದೆ. ಈ ಫೋಲ್ಡರಿನಲ್ಲಿ ಇಟ್ಟದ್ದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಹೇಳಿದೆ. 'ತಗಳ್ಲಿ, ಅದಕ್ಕೇ ಅಲ್ವ ಇಟ್ಟಿದ್ದು' ಎಂದರು.

ದೊಡ್ಡಮ್ಮನಿಗೆ ಕಲಿಸುವುದು ಸುಲಭವಾಗಿರಲಿಲ್ಲ. ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಒತ್ತಿ ಎಳೆಯುತ್ತಿದ್ದರು. ಡೌನ್‌ಲೋಡಿನ ಹಸಿರು ಗೆರೆ ನಿಂತರೆ ಪರದೆಗೆ ಬೆರಳಿನಿಂದ ಕುಟ್ಟುತ್ತಿದ್ದರು. ಆದರೆ ಅವರು ಮಾಡಿದ ದೊಡ್ಡ ಎಡವಟ್ಟು ಬೇರೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಅವರ ಹಾಡನ್ನು ಎಳೆದುಕೊಳ್ಳುತ್ತಿರುವವರು ಕಾಣುತ್ತಿದ್ದರು. ಯಾರೋ ಇಟ್ಟುಕೊಂಡ ಅಡ್ಡಹೆಸರು, ಮುಂದೆ ಇಷ್ಟು ಹೋಗಿದೆ ಇಷ್ಟು ಬಾಕಿ ಇದೆ ಎನ್ನುವ ಗೆರೆ. ಅಲ್ಲಿ ಒಬ್ಬರಿದ್ದರೂ ದೊಡ್ಡಮ್ಮ ಕಂಪ್ಯೂಟರ್ ಆರಿಸುತ್ತಿರಲಿಲ್ಲ.

'ಅದು ತಾನಾಗೇ ನಿಲ್ಲುತ್ತೆ ದೊಡ್ಡಮ್ಮ, ನಾಳೆ ಬಂದು ಉಳಿದದ್ದು ತಗೋತಾರೆ' ಎಂದೆ.

'ಊಟಕ್ಕೆ ಕೂತವ್ರನ್ನ ಅರ್ಧಕ್ಕೆ ಏಳ್ಸ್ತಾರೇನೆ?' ಎಂದು ನನ್ನನ್ನೇ ಗದರಿದರು.

ಫೋನ್ ಲೈನ್ ಇಡೀ ಮಧ್ಯಾಹ್ನ ಕಟ್ಟಿಹೋಗುತ್ತಿತ್ತು. ದೊಡ್ಡಪ್ಪ ಕೆಂಡಾಮಂಡಲವಾಗಿ ಒಂದು ಸಲ ವೈರನ್ನೇ ಕಿತ್ತು ಹಾಕಿದರು. ದೊಡ್ಡಮ್ಮ ಎರಡು ಹೊತ್ತು ಅವರ ಜೊತೆ ಮಾತು ಬಿಟ್ಟರು, ವೈರು ವಾಪಸ್ ಬಂತು. ಯಾರೋ ಗುರುತಿಲ್ಲದವರು ಉಂಡು ಏಳಲಿ ಎಂದು ಅವರು ಕಣಕ್ಕೆ ಕಾವಲು ಕೂತವರಂತೆ ಕೂತಿರುತ್ತಿದ್ದರು. ನಾನು ಹೋದಾಗ, 'ನೋಡೇ, ಇನ್ನೊಬ್ರು ಬಂದ್ರು' ಎಂದು ಪಟ್ಟಿ ತೋರಿಸುವರು. ಆ ಖುಷಿ ನೋಡಿ ನನಗೂ ಖುಷಿಯಾಗುತ್ತಿತ್ತು.

ಅವರಿಗೆ ಬಂದದ್ದೇನು? ಮಣ್ಣು. ಸೋಬಾನೆ ಎಂದು ಹುಡುಕಿದರೆ ಸಿನಿಮಾ ಹಾಡು. ಬಳೆ ಎಂದು ಹುಡುಕಿದರೆ ಸಿನಿಮಾ ಹಾಡು. ಮದುವೆ ಹಾಡು ಎಂದು ಹೆಸರಿದ್ದ ಒಂದನ್ನು ಗಂಟೆಗಟ್ಟಲೆ ಕಾದು ಇಳಿಸಿದರೆ ಒಳಗೆ ಹೇಳಬಾರದ ವಿಡಿಯೋ, ನಾನು ಎದ್ದು ಬಿದ್ದು ಸ್ವಿಚ್ ಆರಿಸಿದೆ. ತಿಂಗಳುಗಟ್ಟಲೆ ಅವರ ಹಾಡು ಎಳೆದುಕೊಂಡವರಲ್ಲಿ ಒಬ್ಬರಾದರೂ, ಅಮ್ಮಾ, ನಮ್ಮಜ್ಜಿಗೂ ಒಂದು ಹಾಡು ಬರುತ್ತಿತ್ತು, ತಗೊಳ್ಳಿ ಎನ್ನಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಮಾತು ಬರೆದು ಕಳಿಸಲು ಒಂದು ಕಿಟಕಿಯಿತ್ತು. ಅವರು ಹೇಳಿದ್ದನ್ನು ನಾನೇ ಬರೆದು ಎಲ್ಲರಿಗೂ ಕಳಿಸಿದೆ. ಬಳೆ ಹಾಡಿನ ನಡುವಿನ ಭಾಗ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ ಎಂದು. ಯಾರೂ ಉತ್ತರ ಕೊಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ.

ಮಾರನೆಯ ವರ್ಷದ ಮದುವೆ ಕಾಲ ಬಂತು. ದೊಡ್ಡಮ್ಮನ ಮನೆಗೆ ಕಾರ್ಡುಗಳು ಬಂದವು, ಹೊಳೆಯುವ ಕಾರ್ಡು, ಗಣಪತಿಯ ಕಾರ್ಡು. ತಟ್ಟೆ ಹಿಡಿದು ಯಾರೂ ಬರಲಿಲ್ಲ. 'ಮಂಟಪದಲ್ಲಿ ಮಾಡ್ತಾರಲ್ಲ, ಸೋಬಾನೆ ಇಟ್ಕೊಂಡಿರಕ್ಕಿಲ್ಲ' ಎಂದು ಅವರೇ ಸಮಾಧಾನ ಹೇಳಿಕೊಂಡರು.

ಮೂಡಿಗೆರೆಯಲ್ಲಿ ನಮ್ಮ ದೂರದ ನೆಂಟರ ಮದುವೆ. ನಾನೂ ದೊಡ್ಡಮ್ಮನೂ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ಹುಡುಗಿಯನ್ನು ಕರೆತರುವ ಹೊತ್ತಿಗೆ ಸ್ಪೀಕರಿನಿಂದ ಸೋಬಾನೆ ಶುರುವಾಯಿತು. ದೊಡ್ಡಮ್ಮ ನನ್ನ ಮೊಣಕೈ ಹಿಡಿದರು. ಅವರ ದನಿ. ಹಿಂದೆ ಪಾತ್ರೆಯ ಸದ್ದು, ನಮ್ಮ ಮಾವನ ಬೈಗುಳ. ಆಮೇಲೆ ನನ್ನ ಅಪ್ಪನ ಮನೆಯ ಹೆಸರು ಬಂತು, ಅಪ್ಪನ ಹೆಸರು ಬಂತು, ನನ್ನ ಹೆಸರು ಬಂತು. ನನ್ನ ಹೆಸರು ಹಿಡಿದು ಕರೆಯುತ್ತಿರುವ ಹಾಡಿಗೆ ಇನ್ಯಾರದೋ ಮಗಳು ತಲೆ ತಗ್ಗಿಸಿ ನಡೆದು ಬಂದು ಹಸೆಯ ಮೇಲೆ ಕೂತಳು. ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬರು, ಒಬ್ಬರೇ ಒಬ್ಬರು ತಲೆ ಎತ್ತಿ, ಇದ್ಯಾರ ಹೆಸರು ಎಂದು ಕೇಳಲಿಲ್ಲ. ಹುಡುಗಿಯ ಅಮ್ಮ ಕೇಳಲಿಲ್ಲ. ನನ್ನ ಗಂಡ ಮಾತ್ರ ಗಂಡಸರ ಸಾಲಿನಿಂದ ನನ್ನ ಕಡೆ ನೋಡಿ ನಕ್ಕರು. ಆ ನಗುವಿಗೆ ಮನೆಯಲ್ಲಿ ಸರಿಯಾಗಿ ಮಂಗಳಾರತಿ ಎತ್ತಿದೆ.

ಅಂದು ವಿಡಿಯೋ ತೆಗೆಯುತ್ತಿದ್ದ ಸ್ಟುಡಿಯೋದವನೇ ಹಾಡನ್ನೂ ಹಾಕಿದ್ದ. ಮರುದಿನ ಅವನ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಸಿ.ಡಿ.ಗಳ ಸಾಲು, ಮೇಲೆ ಯಾರೋ ಹುಡುಗಿಯ ಮದರಂಗಿ ಕೈಯ ಚಿತ್ರ.

'ಇದು ಎಲ್ಲಿ ಸಿಕ್ಕಿತು ನಿಂಗೆ?'

'ನೆಟ್ಟಲ್ಲಿ ಸುಮ್ನೆ ಬಿದ್ದಿತ್ತು ಅಕ್ಕಾ. ಯಾರ್ದೂ ಅಲ್ಲ.'

'ಯಾರ್ದೂ ಅಲ್ವಾ? ಅದ್ರಲ್ಲಿ ನನ್ನ ಹೆಸ್ರಿದೆ! ನಮ್ಮಪ್ಪನ ಹೆಸ್ರಿದೆ!'

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. 'ಹೌದಾ? ಹೆಸ್ರೆಲ್ಲ ಯಾರು ಕೇಳ್ತಾರೆ ಅಕ್ಕಾ. ಹಾಡಕ್ಕೆ ಜನ ಎಲ್ಲಿದಾರೆ ಈಗ? ಪಾಪ ಅಂತ ನಾನು ಉಪಕಾರ ಮಾಡ್ತಿರೋದು.'

ಹಾಡುವವರು ಮಂಟಪದಲ್ಲಿ ಅವನ ಕ್ಯಾಮೆರಾದ ಎದುರಿಗೇ ಕೂತಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಕ್ಕದ ಅಂಗಡಿಯವರು ಬಂದು ನಿಂತರು. ಅವರಲ್ಲೊಬ್ಬರು, 'ಬಿಡಿ ಮೇಡಂ, ಹಾಡಲ್ವಾ, ಹಳೇ ಕಾಲದ್ದು' ಎಂದು ನನಗೇ ಬುದ್ಧಿ ಹೇಳಿದರು. ಅವರ ಅಂಗಡಿಯಿಂದ ಒಂದು ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು ಹೋಗಿದ್ದರೆ ಹೀಗೆ ಹೇಳುತ್ತಿದ್ದರಾ?

ಹುಡುಗಿಯ ಅಮ್ಮನನ್ನೂ ಕೇಳಿದೆ, ಬಿಡಲಿಲ್ಲ. ದೊಡ್ಡಮ್ಮನನ್ನು ಯಾಕೆ ಕರೆಯಲಿಲ್ಲ ಎಂದರೆ, 'ವಯಸ್ಸಾದವ್ರಿಗೆ ಸುಮ್ನೆ ತೊಂದ್ರೆ ಕೊಡದ್ ಯಾಕೆ ಅಂತ. ಹೆಂಗೂ ಅವ್ರ ದನಿನೇ ಇತ್ತಲ್ಲ' ಎಂದರು. ಗೊತ್ತಿತ್ತು! ಅದು ಯಾರ ದನಿ ಎಂದು ಗೊತ್ತಿದ್ದೂ ಕಾರ್ಡು ಕೊಟ್ಟು ಕೈ ತೊಳೆದುಕೊಂಡಿದ್ದರು.

ದೊಡ್ಡಮ್ಮ ಬೈಯಲಿಲ್ಲ. 'ಕೊಟ್ಟಿದ್ದನ್ನ ವಾಪಸ್ ಕರೆಯಕ್ಕೆ ಆಗದಿಲ್ವಾ ಇದ್ರಲ್ಲಿ?' ಎಂದು ಕೇಳಿದರು. ಆಗುವುದಿಲ್ಲ ಎಂದೆ. ನಿಮ್ಮ ಫೋಲ್ಡರಿನಿಂದ ಅಳಿಸಬಹುದು, ಆದರೆ ತೆಗೆದುಕೊಂಡವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ತೆಗೆದುಕೊಂಡಿರುತ್ತಾರೆ. ಅವರು ಕಂಪ್ಯೂಟರಿನ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, 'ಹಂಗಾರೆ ಇನ್ನೊಂದ್ಸಲ ಹಾಡ್ತೀನಿ, ಹಿಡ್ಕೋ' ಎಂದರು.

ನನಗೆ ತಲೆ ಕೆಟ್ಟಿತು. ಇಷ್ಟಾದ ಮೇಲೂ ಮತ್ತೆ ಕೊಡುವುದೇ ಎಂದು ರೇಗಿದೆ. ಅವರು ಮೈಕಿನ ಮುಂದೆ ಕೂತು, ಹಸೆಗೆ ಕರೆಯುವ ಹಾಡನ್ನು ಹಾಡತೊಡಗಿದರು. ಮನೆಯ ಹೆಸರು ಬರುವಲ್ಲಿ ನಿಲ್ಲಿಸಿದರು. ತಾಳವನ್ನು ಮಾತ್ರ ತೊಡೆಯ ಮೇಲೆ ಬೆರಳಿನಿಂದ ಹಾಕಿ, ಹೆಸರಿನಷ್ಟು ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋದರು. ಅಪ್ಪನ ಹೆಸರಿಗೂ ಹಾಗೇ, ಹುಡುಗಿಯ ಹೆಸರಿಗೂ ಹಾಗೇ.

'ಆ ಜಾಗ ಬಂದಾಗ ಯಾರಾದ್ರೂ ಒಬ್ರು ಬಾಯಿ ಬಿಡ್ಲೇಬೇಕಲ್ಲ' ಎಂದರು. 'ಹುಡುಗಿ ಎದ್ದೇಳದು ಹೆಂಗೆ ಇಲ್ದಿದ್ರೆ? ಆಗ ಕರೀತಾರೆ ನೋಡು. ನನ್ನನ್ನಲ್ದಿದ್ರೆ ಇನ್ಯಾರನ್ನಾದ್ರೂ ಕರೀತಾರೆ.'

ಹಳೆಯದನ್ನು ಅಳಿಸಿ, ಅದೇ ಹೆಸರಿನ ಮುಂದೆ ಹೊಸದು ಎಂದು ಸೇರಿಸಿ ಫೋಲ್ಡರಿಗೆ ಹಾಕಿದೆ. ಬಾಚುವವರು ಹೊಸದನ್ನು ಬಿಡುತ್ತಾರೆಯೇ? ಕೆಲವೇ ವಾರದಲ್ಲಿ ಸ್ಟುಡಿಯೋದವನ ಕಪಾಟಿಗೆ ಹೊಸ ಸಿ.ಡಿ. ಬಂತು, ಅದೇ ಮದರಂಗಿ ಕೈ.

ಮಲ್ಲಂದೂರಿನ ಕಡೆಯ ನೆಂಟರ ಮನೆಯ ಮದುವೆಯಲ್ಲಿ ಅದನ್ನು ಹಾಕಿದರು. ದೊಡ್ಡಮ್ಮನಿಗೆ ಇಲ್ಲಿಯೂ ಕಾರ್ಡು ಮಾತ್ರ ಬಂದಿತ್ತು. ಅವರು ಹೊಸ ಸೀರೆ ಉಟ್ಟು, ಮುಂದಿನ ಸಾಲಿನಲ್ಲೇ ಕೂತಿದ್ದರು. ಗಂಟಲು ಸರಿಯಿರಲಿ ಎಂದು ಬೆಳಿಗ್ಗೆಯಿಂದ ಬಿಸಿನೀರು ಕುಡಿಯುತ್ತಿದ್ದರು, ನಾನು ನೋಡಿದೆ. ಹಾಡು ಶುರುವಾಯಿತು. ಮನೆಯ ಹೆಸರಿನ ಜಾಗ ಬಂತು, ಸ್ಪೀಕರ್ ಮೌನ. ಬೆರಳಿನ ತಾಳ ಮಾತ್ರ ಟಕ್ ಟಕ್ ಎಂದಿತು. ಜನ ಮಾತಾಡುತ್ತಲೇ ಇದ್ದರು. ಅಪ್ಪನ ಹೆಸರಿನ ಜಾಗ ಬಂತು. ನಮ್ಮ ಹಿಂದೆ ಕೂತ ಒಂದಿಬ್ಬರು ಮುದುಕಿಯರ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಹುಡುಗಿಯ ಹೆಸರಿನ ಜಾಗ ಬಂದಾಗ ಹುಡುಗಿ ಏಳಬೇಕೋ ಬೇಡವೋ ತಿಳಿಯದೆ ಅಮ್ಮನ ಮುಖ ನೋಡಿದಳು.

ಅಮ್ಮ ವಿಡಿಯೋ ತೆಗೆಯುತ್ತಿದ್ದ ಅದೇ ಸ್ಟುಡಿಯೋದವನ ಕಡೆ ನೋಡಿದರು. ಅವನು ಓಡಿಬಂದು, 'ಸಿ.ಡಿ. ಗೀರು ಬಿದ್ದಿದೆ ಅಮ್ಮಾ, ಒಂದ್ನಿಮಿಷ' ಎಂದು ಅದನ್ನು ತೆಗೆದು ಬಿಸಾಕಿ, ಹಳೆಯದನ್ನು ಹಾಕಿದ. ಪಾತ್ರೆಯ ಸದ್ದು ಬಂತು. ನನ್ನ ಅಪ್ಪನ ಮನೆಯ ಹೆಸರು ಬಂತು.

ನಾನು ಎದ್ದೆ. ಕುರ್ಚಿಗಳ ಮಧ್ಯೆ ನುಗ್ಗಿ ಹೋಗಿ ಗೋಡೆಯ ಬುಡದಲ್ಲಿದ್ದ ವೈರನ್ನು ಕಿತ್ತೆ. ಅವನ ವಿಡಿಯೋ ಲೈಟನ್ನೂ ಅದೇ ವೈರಿಗೆ ಸಿಕ್ಕಿಸಿದ್ದ, ವೇದಿಕೆ ಮಬ್ಬಾಯಿತು, ಹಾಡು ನಿಂತಿತು. ಇನ್ನೇನು ಬೇಕು ಇವರಿಗೆ, ಈಗಲಾದರೂ ಕರೆಯಲಿ ಎಂದುಕೊಂಡೆ. ದೊಡ್ಡಮ್ಮನ ಹತ್ತಿರ ಬಂದು, 'ಹಾಡಿ ದೊಡ್ಡಮ್ಮ' ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಅವರು ನೆಟ್ಟಗೆ ಕೂತಿದ್ದರು. ಸೆರಗಿಗೆ ಕೈ ಒರೆಸಿಕೊಂಡಿದ್ದರು.

'ಕರೀಲಿ' ಎಂದರು.

'ಕರೆಂಟ್ ಹೋಯ್ತು, ಜನರೇಟರ್ ಹಾಕ್ರೋ!' ಎಂದು ಹುಡುಗಿಯ ಅಪ್ಪ ಕೂಗಿದರು. ಹೊರಗೆ ಜನರೇಟರ್ ಗುಡುಗಿತು. ಸ್ಟುಡಿಯೋದವನು ತಡಕಾಡಿ ವೈರು ಹುಡುಕಿ ಮತ್ತೆ ಚುಚ್ಚಿದ. ಸ್ಪೀಕರಿನಲ್ಲಿ ದೊಡ್ಡಮ್ಮ ನನ್ನ ಹೆಸರು ಹಿಡಿದು ಮತ್ತೆ ಕರೆದರು. ಆ ಹುಡುಗಿ ಎದ್ದು ಹೋಗಿ ಹಸೆಯ ಮೇಲೆ ಕೂತಳು, ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತರು. ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು.